ಪುರಸಭೆಯ ತಿಜೋರಿ: ಸಣ್ಣ ಪಟ್ಟಣದ ಆಯವ್ಯಯ, ಅನುದಾನ ಮತ್ತು ಕಾಮಗಾರಿ

ಪುರಸಭೆಯ ಆಯವ್ಯಯ ಪುಸ್ತಕದ ಪ್ರತಿ ಹಾಳೆಯಲ್ಲೂ ಎಡಕ್ಕೆ ಲೆಕ್ಕಶೀರ್ಷಿಕೆ, ಬಲಕ್ಕೆ ನಾಲ್ಕು ಅಂಕಣಗಳು: ಕಳೆದ ವರ್ಷ ನಿಜವಾಗಿ ಬಂದದ್ದು ಅಥವಾ ಖರ್ಚಾದದ್ದು, ಈ ವರ್ಷಕ್ಕೆಂದು ಅಂದಾಜು ಮಾಡಿದ್ದು, ಅದೇ ಅಂದಾಜನ್ನು ಆಮೇಲೆ ಪರಿಷ್ಕರಿಸಿದ್ದು, ಬರುವ ವರ್ಷಕ್ಕೆ ಅಂದಾಜಿಸಿರುವುದು. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಕೊನೆಯ ಅಂಕಣದ ಮೊತ್ತ ಮಾತ್ರ. ಆದರೆ ಪಟ್ಟಣದ ಹಣಕಾಸನ್ನು ಅರಿಯಬೇಕೆನ್ನುವವರು ಮೊದಲ ಅಂಕಣದಿಂದ ಓದಲು ಶುರುಮಾಡಬೇಕು. ಅಂದಾಜಿಗೂ ನಡೆದದ್ದಕ್ಕೂ ಇರುವ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಲೇ ಇದ್ದರೆ, ಆ ಪುರಸಭೆ ತನ್ನ ಕೈಯಲ್ಲಿಲ್ಲದ ಹಣವನ್ನು ನಂಬಿಕೊಂಡು ಲೆಕ್ಕ ಬರೆಯುತ್ತಿದೆ ಎಂದರ್ಥ.

ಪುಸ್ತಕದಲ್ಲಿ ಮೂರು ಭಾಗಗಳಿರುತ್ತವೆ. ರಾಜಸ್ವ ಲೆಕ್ಕದಲ್ಲಿ ತೆರಿಗೆ, ಶುಲ್ಕ, ಬಾಡಿಗೆ, ವೇತನ, ವಿದ್ಯುತ್ ಬಿಲ್, ದುರಸ್ತಿ ಮುಂತಾದ ದಿನನಿತ್ಯದ ವರಮಾನ ಮತ್ತು ವೆಚ್ಚ. ಬಂಡವಾಳ ಲೆಕ್ಕದಲ್ಲಿ ರಸ್ತೆ, ಚರಂಡಿ, ನೀರಿನ ಟ್ಯಾಂಕ್, ಮಳಿಗೆಗಳಂಥ ಆಸ್ತಿ ಸೃಜನೆ ಮತ್ತು ಅದಕ್ಕೆ ಬರುವ ಅನುದಾನ. ಅಸಾಧಾರಣ ಲೆಕ್ಕದಲ್ಲಿ ಪುರಸಭೆಯ ಕೈ ದಾಟಿ ಹೋಗುವ, ಆದರೆ ಪುರಸಭೆಯದಲ್ಲದ ಹಣ: ಗುತ್ತಿಗೆದಾರರ ಠೇವಣಿ, ಬಿಲ್ಲಿನಲ್ಲಿ ಕಡಿತ ಮಾಡಿದ ತೆರಿಗೆ, ಸರ್ಕಾರಕ್ಕೆ ಕಟ್ಟಬೇಕಾದ ಉಪಕರ. ಕರ್ನಾಟಕದಲ್ಲಿ 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಹಳೆಯ ನಗದು ಪುಸ್ತಕದ ಪದ್ಧತಿಯನ್ನು ಬಿಟ್ಟು ಜೋಡಿ ನಮೂದಿನ ಪದ್ಧತಿಯನ್ನು ತಂದವು. ಅಲ್ಲಿಂದೀಚೆಗೆ ಪುರಸಭೆಯ ಬಳಿ ಎಷ್ಟು ನಗದಿದೆ ಎಂಬುದರ ಜೊತೆಗೆ ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದೂ ಕಾಗದದ ಮೇಲೆ ಕಾಣಿಸಬೇಕಾಗಿದೆ.

ಇಲ್ಲಿ ಸಣ್ಣ ಪಟ್ಟಣ ಎಂದರೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಕೆಳಗೆ ಬರುವ ಊರು. 10 ಸಾವಿರದಿಂದ 20 ಸಾವಿರ ಜನಸಂಖ್ಯೆಯಿದ್ದರೆ ಪಟ್ಟಣ ಪಂಚಾಯಿತಿ, 20 ಸಾವಿರದಿಂದ 50 ಸಾವಿರದವರೆಗೆ ಪುರಸಭೆ, ಅದರ ಮೇಲೆ 3 ಲಕ್ಷದವರೆಗೆ ನಗರಸಭೆ. ಚುನಾಯಿತ ಸದಸ್ಯರ ಸಭೆಗೆ ಅಧ್ಯಕ್ಷರು ಮುಖ್ಯಸ್ಥರು, ಕಚೇರಿಗೆ ಮುಖ್ಯಾಧಿಕಾರಿ. ಶಾಸಕರು, ಸಂಸದರು ಸಭೆಯಲ್ಲಿ ಕೂರುತ್ತಾರೆ, ಮತವನ್ನೂ ಹಾಕುತ್ತಾರೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಇಂಥ ಸಂಸ್ಥೆಗಳಿಗೆ ಸಂವಿಧಾನದ ಆಸರೆ ಕೊಟ್ಟಿತು. ಹನ್ನೆರಡನೇ ಅನುಸೂಚಿಯಲ್ಲಿ 18 ಕೆಲಸಗಳನ್ನು ಪಟ್ಟಿ ಮಾಡಲಾಗಿದೆ. ಆ ಕೆಲಸಗಳಿಗೆ ಹಣ ಎಲ್ಲಿಂದ ಬರಬೇಕು ಎಂಬುದಕ್ಕೆ ಅಂಥ ಪಟ್ಟಿ ಸಂವಿಧಾನದಲ್ಲಿ ಇಲ್ಲ. ಯಾವ ತೆರಿಗೆಯನ್ನು ಬಿಟ್ಟುಕೊಡಬೇಕು ಎಂಬುದನ್ನು ರಾಜ್ಯ ಶಾಸಕಾಂಗದ ವಿವೇಚನೆಗೆ ಬಿಡಲಾಗಿದೆ. ಸಣ್ಣ ಪಟ್ಟಣದ ಹಣಕಾಸಿನ ಬಹುಪಾಲು ತೊಡಕುಗಳು ಈ ಒಂದು ಖಾಲಿ ಜಾಗದಿಂದ ಹುಟ್ಟಿದವು.

ಹಿಂದೆ ಪಟ್ಟಣಗಳಿಗೆ ತಮ್ಮದೇ ಎನ್ನುವ ದೊಡ್ಡ ವರಮಾನವೊಂದು ಇತ್ತು. ಊರೊಳಗೆ ಬರುವ ಸರಕಿನ ಮೇಲೆ ಆಕ್ಟ್ರಾಯ್ ವಸೂಲಿಯಾಗುತ್ತಿತ್ತು. ಊರ ಬಾಗಿಲಲ್ಲಿ ನಾಕೆ, ನಾಕೆಯಲ್ಲಿ ಗುಮಾಸ್ತ, ಅಡ್ಡಗೋಲು. ಗಾಡಿಯೋ ಲಾರಿಯೋ ಬಂದರೆ ಇಳಿದು ಪಾವತಿ ಮಾಡಿ ಒಳಗೆ ಬರಬೇಕು. ವ್ಯಾಪಾರಕ್ಕೆ ತೊಡಕು, ಲಂಚಕ್ಕೆ ದಾರಿ ಎಂಬ ದೂರುಗಳಲ್ಲಿ ನಿಜವಿತ್ತು. 1979ರ ಏಪ್ರಿಲ್ 1ರಿಂದ ಕರ್ನಾಟಕ ಅದನ್ನು ರದ್ದು ಮಾಡಿತು. ಬದಲಿಗೆ ರಾಜ್ಯ ಪ್ರವೇಶ ತೆರಿಗೆಯನ್ನು ತಂದು, ಪುರಸಭೆಗಳಿಗೆ ಪರಿಹಾರದ ರೂಪದಲ್ಲಿ ಹಣ ಕೊಡತೊಡಗಿತು. 2017ರ ಜುಲೈ 1ರಂದು ಆ ಪ್ರವೇಶ ತೆರಿಗೆಯೂ ಜಿಎಸ್‌ಟಿಯೊಳಗೆ ಕರಗಿತು. ಹೀಗೆ ಪಟ್ಟಣದ ಸಂತೆ, ಮಂಡಿ, ಗಿರಣಿಗಳು ಬೆಳೆದಂತೆ ತಾನಾಗಿ ಬೆಳೆಯುತ್ತಿದ್ದ ವರಮಾನವೊಂದು ಮೊದಲು ರಾಜಧಾನಿಗೆ, ಆಮೇಲೆ ದೇಶದ ಖಜಾನೆಗೆ ಏರಿಹೋಯಿತು. ಕೆಳಗೆ ಉಳಿದದ್ದು ಮೇಲಿನಿಂದ ಇಳಿದು ಬರುವ ಅನುದಾನ. ವೃತ್ತಿ ತೆರಿಗೆಯ ವಿಷಯವೂ ಹೀಗೆಯೇ. ಸಂವಿಧಾನದ 276ನೇ ವಿಧಿ ಸ್ಥಳೀಯ ಸಂಸ್ಥೆಗಳ ಪ್ರಯೋಜನಕ್ಕೂ ಅದನ್ನು ವಿಧಿಸಬಹುದೆನ್ನುತ್ತದೆ, ವರ್ಷಕ್ಕೆ 2,500 ರೂಪಾಯಿಯ ಮಿತಿಯನ್ನೂ ಹೇಳುತ್ತದೆ. ಕರ್ನಾಟಕದಲ್ಲಿ ಅದನ್ನು ಸಂಗ್ರಹಿಸುವುದು 1976ರ ಕಾಯಿದೆಯಂತೆ ರಾಜ್ಯ ಸರ್ಕಾರ.

ಹೀಗಾಗಿ ಪುರಸಭೆಯ ಸ್ವಂತ ವರಮಾನದ ಬೆನ್ನೆಲುಬು ಈಗ ಆಸ್ತಿ ತೆರಿಗೆ. ಮನೆಯ ಯಜಮಾನರೇ ನಿವೇಶನದ ಅಳತೆ, ಕಟ್ಟಡದ ಅಳತೆ, ಬಗೆ, ಬಳಕೆ ಇವನ್ನು ನಮೂನೆಯಲ್ಲಿ ತುಂಬಿ ತೆರಿಗೆಯನ್ನು ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣಾ ಪದ್ಧತಿ ರೂಢಿಯಲ್ಲಿದೆ. ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಕಟ್ಟುವವರು ಕೈಯಲ್ಲಿ ಹಿಡಿದ ಚಲನ್ನನ್ನು ಒಮ್ಮೆ ನಿಧಾನವಾಗಿ ಓದಿದರೆ ಒಂದು ಸಂಗತಿ ತಿಳಿಯುತ್ತದೆ. ತೆರಿಗೆ 1,000 ರೂಪಾಯಿ ಎಂದಿದ್ದರೆ ಅದರ ಕೆಳಗೆ ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3, ಒಟ್ಟು 240 ರೂಪಾಯಿ ಸೇರುತ್ತದೆ. ಮನೆಯವರ ಲೆಕ್ಕದಲ್ಲಿ ಪುರಸಭೆಗೆ 1,240 ರೂಪಾಯಿ ಕಟ್ಟಿದಂತಾಯಿತು. ಪುರಸಭೆಯ ಲೆಕ್ಕದಲ್ಲಿ ಅದರದ್ದು 1,000 ಮಾತ್ರ. 240 ರೂಪಾಯಿ ಬೇರೆಯವರಿಗೆ ಸಲ್ಲಬೇಕಾದದ್ದು. ಕೈಯಲ್ಲಿ ಹಣವಿಲ್ಲದ ತಿಂಗಳಲ್ಲಿ ಈ ಉಪಕರದ ಹಣವನ್ನು ಸಂಬಳಕ್ಕೋ ಬಿಲ್ಲಿಗೋ ಬಳಸಿಬಿಡುವ ಚಟ ಕೆಲವು ಪುರಸಭೆಗಳಿಗಿದೆ. ಆಗ ಗ್ರಂಥಾಲಯ ಪ್ರಾಧಿಕಾರಕ್ಕೆ ಸಲ್ಲಬೇಕಾದ ಬಾಕಿ ವರ್ಷ ವರ್ಷ ಬೆಳೆಯುತ್ತದೆ, ಊರಿನ ವಾಚನಾಲಯಕ್ಕೆ ಹೊಸ ಪುಸ್ತಕ ಬರುವುದಿಲ್ಲ. ಓದುಗರು ಕಟ್ಟಿದ ಹಣವೇ ಓದುಗರನ್ನು ಮುಟ್ಟುವುದಿಲ್ಲ ಎಂಬುದು ಸಣ್ಣ ಅನ್ಯಾಯವಲ್ಲ.

ತೆರಿಗೆಯ ಆರೋಗ್ಯವನ್ನು ತೋರಿಸುವುದು ತಲಬು, ವಸೂಲಿ, ಬಾಕಿ ಎಂಬ ಮೂರು ಅಂಕಣಗಳ ತಖ್ತೆ. ಕಂದಾಯ ಶಾಖೆಯವರು ಅದನ್ನು ‘ಡಿಸಿಬಿ’ ಎನ್ನುತ್ತಾರೆ. ವಸೂಲಿ ಕಡಿಮೆಯಾಗಲು ಜನರ ಮನಸ್ಸಿಲ್ಲದಿರುವುದೇ ಕಾರಣ ಎನ್ನುವುದು ಸುಲಭದ ಮಾತು. ಹತ್ತಿರದಿಂದ ನೋಡಿದರೆ ಹೆಚ್ಚಿನ ನಷ್ಟ ತಲಬಿನಲ್ಲೇ ಆಗಿರುತ್ತದೆ. ಖಾತೆ ಆಗದ ಮನೆ, ಮಹಡಿ ಏರಿಸಿದರೂ ಹಳೆಯ ಅಳತೆಯಲ್ಲೇ ಉಳಿದ ಮನೆ, ವಾಸದ ದರದಲ್ಲಿ ತೆರಿಗೆ ಕಟ್ಟುತ್ತಾ ಕೆಳಗೆ ಅಂಗಡಿ ನಡೆಸುವ ಕಟ್ಟಡ, ಅನುಮೋದನೆಯಿಲ್ಲದ ಬಡಾವಣೆಯ ನಿವೇಶನ ಇವು ತಲಬಿನ ಪುಸ್ತಕಕ್ಕೇ ಬರುವುದಿಲ್ಲ. ಬಾರದ ಆಸ್ತಿಗೆ ಬಾಕಿಯೂ ಇರುವುದಿಲ್ಲ. ತಖ್ತೆಯಲ್ಲಿ ಶೇಕಡಾವಾರು ವಸೂಲಿ ಚೆನ್ನಾಗಿಯೇ ಕಾಣಿಸುತ್ತದೆ. ಇಂಥ ಪಟ್ಟಣದಲ್ಲಿ ಬಿಲ್ ಕಲೆಕ್ಟರನ್ನು ಮನೆ ಮನೆಗೆ ಅಟ್ಟುವುದಕ್ಕಿಂತ ಮೊದಲು ಓಣಿ ಓಣಿಯನ್ನು ಅಳೆದು ಆಸ್ತಿಗಳ ಪಟ್ಟಿಯನ್ನು ಸರಿಮಾಡಬೇಕು.

ನೀರಿನ ಕರ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ, ಖಾತಾ ಬದಲಾವಣೆ ಶುಲ್ಕ, ರಸ್ತೆ ಅಗೆತದ ಶುಲ್ಕ, ಘನತ್ಯಾಜ್ಯ ಶುಲ್ಕಗಳು ಉಳಿದ ಬಾಬುಗಳು. ಪುರಸಭೆ ಮಳಿಗೆಗಳ ಬಾಡಿಗೆಯ ಕಥೆ ಬೇರೆ. ಬಸ್ ನಿಲ್ದಾಣದ ಎದುರಿನ ಆಯಕಟ್ಟಿನ ಜಾಗದ ಮಳಿಗೆ ಎಷ್ಟೋ ವರ್ಷಗಳ ಹಿಂದಿನ ಬಾಡಿಗೆಯಲ್ಲೇ ಇರುತ್ತದೆ. ಹಿಡಿದವರು ಅದನ್ನು ಇನ್ನೊಬ್ಬರಿಗೆ ಹಲವು ಪಟ್ಟು ಹೆಚ್ಚಿಗೆ ಒಳಬಾಡಿಗೆ ಕೊಟ್ಟಿರುತ್ತಾರೆ. ಅವಧಿ ಮುಗಿದ ಮಳಿಗೆಗಳನ್ನು ಮರುಹರಾಜು ಹಾಕಲು ಹೊರಟರೆ ಕೋರ್ಟಿನ ತಡೆಯಾಜ್ಞೆ ಬರುತ್ತದೆ. ಆ ತಡೆಯಾಜ್ಞೆಯನ್ನು ತೆರವು ಮಾಡಿಸಲು ವಕೀಲರ ಮುಂದೆ ಕಡತ ಹಿಡಿದು ಕೂರುವ ಒಬ್ಬ ಗುಮಾಸ್ತ, ಎಷ್ಟೋ ಅನುದಾನದ ಪ್ರಸ್ತಾವಗಳಿಗಿಂತ ಹೆಚ್ಚಿನ ವರಮಾನವನ್ನು ಊರಿಗೆ ತಂದುಕೊಡಬಲ್ಲ.

ವಾರದ ಸಂತೆಯ ಸುಂಕ ವಸೂಲಿಯ ಹಕ್ಕನ್ನು ವರ್ಷಕ್ಕೊಮ್ಮೆ ಸವಾಲು ಹಾಕುವುದುಂಟು. ಠೇವಣಿ ಕಟ್ಟಿದವರು ಪುರಸಭೆಯ ಅಂಗಳದಲ್ಲಿ ಸೇರುತ್ತಾರೆ. ಸರ್ಕಾರಿ ಸವಾಲಿನ ಮೊತ್ತವನ್ನು ಓದಿ ಕೂಗು ಶುರುವಾಗುತ್ತದೆ. ಒಂದು ಸಲ, ಎರಡು ಸಲ, ಮೂರು ಸಲ ಎಂದು ಮುಗಿಯುತ್ತದೆ. ಕೂಗಿದವರೆಲ್ಲ ಮೊದಲೇ ಒಳಗೊಳಗೆ ಮಾತಾಡಿಕೊಂಡಿದ್ದರೆ ಮೊತ್ತ ಏರುವುದಿಲ್ಲ. ಏರಿದರೂ ಅದರ ಭಾರ ಕೊನೆಗೆ ಬೀಳುವುದು ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನ ಮೇಲೆ. ಬುಟ್ಟಿಗಿಷ್ಟು, ಮೂಟೆಗಿಷ್ಟು, ತಳ್ಳುಗಾಡಿಗಿಷ್ಟು ಎಂಬ ದರಪಟ್ಟಿಯನ್ನು ಸಂತೆಮಾಳದ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕುವುದು ಪುರಸಭೆ ಅವಳಿಗೆ ಮಾಡಬೇಕಾದ ಕನಿಷ್ಠ ಕರ್ತವ್ಯ.

ಸ್ವಂತ ವರಮಾನ ಇಷ್ಟೇ ಆದ್ದರಿಂದ ರಾಜ್ಯದ ಕೈ ಬೇಕು. ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗವನ್ನು ನೇಮಿಸಬೇಕೆಂದು ಸಂವಿಧಾನವೇ ಹೇಳುತ್ತದೆ. ಕರ್ನಾಟಕದ ಮೊದಲ ಆಯೋಗಕ್ಕೆ ಜಿ. ತಿಮ್ಮಯ್ಯ, ಮೂರನೆಯದಕ್ಕೆ ಎ.ಜಿ. ಕೊಡ್ಗಿ, ನಾಲ್ಕನೆಯದಕ್ಕೆ ಸಿ.ಜಿ. ಚಿನ್ನಸ್ವಾಮಿ, 2023ರಲ್ಲಿ ನೇಮಕವಾದ ಐದನೆಯದಕ್ಕೆ ಸಿ. ನಾರಾಯಣಸ್ವಾಮಿ ಅಧ್ಯಕ್ಷರು. ಸಾಲವನ್ನು ಬಿಟ್ಟು ರಾಜ್ಯದ ಸ್ವಂತ ನಿವ್ವಳ ವರಮಾನದಲ್ಲಿ ಶೇ 33ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಬೇಕು, ಆ 33ರಲ್ಲಿ 10 ನಗರ ಸಂಸ್ಥೆಗಳಿಗೆ ಸೇರಬೇಕು ಎಂದು ಮೂರನೇ ಆಯೋಗ ಶಿಫಾರಸು ಮಾಡಿತ್ತು. ಕಚೇರಿಯ ಮಾತಿನಲ್ಲಿ ಈ ಹಣ ‘ಎಸ್‌ಎಫ್‌ಸಿ’. ಇದು ಒಂದೇ ಗಂಟಾಗಿ ಬರುವುದಿಲ್ಲ. ಕಾಯಂ ನೌಕರರ ವೇತನಕ್ಕೆ ವೇತನ ಅನುದಾನ, ಪಂಪು ಮತ್ತು ಬೀದಿದೀಪದ ಬಿಲ್ಲಿಗೆ ವಿದ್ಯುತ್ ಅನುದಾನ, ಅಭಿವೃದ್ಧಿಗೆ ಮುಕ್ತ ನಿಧಿ, ಕೆಲವೊಮ್ಮೆ ಕುಡಿಯುವ ನೀರಿಗೆಂದೋ ವಿಶೇಷವೆಂದೋ ಬೇರೆ ಕಂತು. ವಿದ್ಯುತ್ತಿನ ಹಣ ಪುರಸಭೆಯ ಖಾತೆಯನ್ನು ಮುಟ್ಟದೆ ನೇರವಾಗಿ ವಿದ್ಯುತ್ ಕಂಪನಿಗೆ ಹೋಗುವುದೂ ಉಂಟು. ಹೆಸರೇ ಹೇಳುವಂತೆ ಸಭೆ ಕೂತು ತನ್ನಿಚ್ಛೆಯಂತೆ ತೀರ್ಮಾನಿಸಬಹುದಾದದ್ದು ಮುಕ್ತ ನಿಧಿ ಮಾತ್ರ.

ಆ ಮುಕ್ತ ನಿಧಿಯೂ ಪೂರ್ತಿ ಮುಕ್ತವಲ್ಲ, ಅದು ಸರಿಯೂ ಹೌದು. ಸ್ವಂತ ನಿಧಿ ಮತ್ತು ಮುಕ್ತ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕಲ್ಯಾಣಕ್ಕೆ (ಜಾತಿಗೆ 17.15, ಪಂಗಡಕ್ಕೆ 6.95), ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕು. ಒಂದು ಕೋಟಿ ರೂಪಾಯಿ ಬಂದರೆ 36 ಲಕ್ಷದ 35 ಸಾವಿರ ಇಲ್ಲಿಗೆ ತೆಗೆದಿಡಬೇಕು. ಈ ಮೀಸಲನ್ನು ಲೆಕ್ಕದಲ್ಲಿ ತೋರಿಸಿ, ವರ್ಷ ಮುಗಿದರೂ ಖರ್ಚು ಮಾಡದೆ ಬಿಡುವ ಅಭ್ಯಾಸ ಹಲವು ಕಡೆ ಬೇರೂರಿದೆ. ವಿದ್ಯಾರ್ಥಿಗೆ ಕೊಡಬೇಕಾದ ಶುಲ್ಕದ ಸಹಾಯ, ಗುಡಿಸಲಿನವರಿಗೆ ಮಾಡಿಸಿಕೊಡಬೇಕಾದ ಶೌಚಾಲಯ, ಕಾಲಿಲ್ಲದವರಿಗೆ ಕೊಡಬೇಕಾದ ತ್ರಿಚಕ್ರ ವಾಹನ ಇವು ಅರ್ಜಿ ಕರೆಯುವ ಪ್ರಕಟಣೆಗೂ ಫಲಾನುಭವಿಗಳ ಪಟ್ಟಿಯ ಅನುಮೋದನೆಗೂ ನಡುವೆ ನಿಂತುಹೋಗುತ್ತವೆ. ಕಾಂಕ್ರೀಟಿಗೆ ಗುತ್ತಿಗೆದಾರರು ಕಾಯುತ್ತಿರುತ್ತಾರೆ, ಕಡತವನ್ನು ಅವರೇ ಓಡಿಸುತ್ತಾರೆ. ಈ ಬಡ ಅರ್ಜಿದಾರರ ಕಡತವನ್ನು ಓಡಿಸುವವರು ಯಾರೂ ಇಲ್ಲ.

ಉಳಿದ 63 ಲಕ್ಷ 65 ಸಾವಿರದ ಗತಿ ಸಭೆಯಲ್ಲಿ ತೀರ್ಮಾನವಾಗುತ್ತದೆ. ಪುರಸಭೆಯಲ್ಲಿ 23 ವಾರ್ಡುಗಳಿದ್ದರೆ ಸದಸ್ಯರಿಗೆ ಅತ್ಯಂತ ನ್ಯಾಯವಾಗಿ ತೋರುವ ದಾರಿ ಸಮನಾಗಿ ಹಂಚುವುದು. ವಾರ್ಡಿಗೆ 2 ಲಕ್ಷ 76 ಸಾವಿರ ಚಿಲ್ಲರೆ ಬರುತ್ತದೆ. ಅದರಲ್ಲಿ ಒಂದು ಓಣಿಯ ಚರಂಡಿಯ ತುಂಡು ಆದೀತು. ಆ ತುಂಡು ಮುಂದಿನ ಓಣಿಯ ಮಣ್ಣಿನ ಕಾಲುವೆಗೆ ಹೋಗಿ ನಿಲ್ಲುತ್ತದೆ. ನೀರು ವಾರ್ಡಿನ ಗಡಿ ನೋಡಿ ಹರಿಯುವುದಿಲ್ಲ. ಊರಿನ ಇಳಿಜಾರನ್ನು ಹಿಡಿದು, ರಾಜಕಾಲುವೆಯಿಂದ ಮೇಲಕ್ಕೆ ಒಂದೊಂದೇ ಭಾಗವನ್ನು ಮುಗಿಸುತ್ತ ಬಂದರೆ ಮೂರು ನಾಲ್ಕು ವರ್ಷದಲ್ಲಿ ಊರಿಗೊಂದು ಚರಂಡಿ ಜಾಲ ಸಿದ್ಧವಾಗುತ್ತದೆ. ಹಾಗೆ ಮಾಡಲು ಈ ವರ್ಷ ತನ್ನ ವಾರ್ಡಿಗೆ ಏನೂ ಬಾರದಿದ್ದರೂ ಒಪ್ಪುವ ಸದಸ್ಯರು ಬೇಕು, ಅವರ ಸರದಿ ತಪ್ಪದೆ ಬರುತ್ತದೆ ಎಂದು ಠರಾವಿನಲ್ಲೇ ಬರೆದುಕೊಡುವ ಅಧ್ಯಕ್ಷರು ಬೇಕು.

ಕೇಂದ್ರದ ಹಣ ಎರಡು ದಾರಿಯಲ್ಲಿ ಬರುತ್ತದೆ. ಮೊದಲನೆಯದು ಕೇಂದ್ರ ಹಣಕಾಸು ಆಯೋಗದ ಅನುದಾನ. 2021-26ರ ಅವಧಿಗೆ 15ನೇ ಆಯೋಗ ದೇಶದ ನಗರ ಸ್ಥಳೀಯ ಸಂಸ್ಥೆಗಳಿಗೆ 1,21,055 ಕೋಟಿ ರೂಪಾಯಿ ಶಿಫಾರಸು ಮಾಡಿತು. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಬಂದ ಪ್ರತಿ 100 ರೂಪಾಯಿಯಲ್ಲಿ 40 ನಿರ್ಬಂಧವಿಲ್ಲದ್ದು, 30 ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ, 30 ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ನಿರ್ಬಂಧವಿಲ್ಲದ ಭಾಗವನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಹಣ ತಲುಪಿದ ಹತ್ತು ಕೆಲಸದ ದಿನಗಳಲ್ಲಿ ರಾಜ್ಯ ಅದನ್ನು ಕೆಳಕ್ಕೆ ವರ್ಗಾಯಿಸಬೇಕು, ತಡವಾದರೆ ಬಡ್ಡಿ ಕೊಡಬೇಕು ಎಂಬ ನಿಯಮ ಪುರಸಭೆಗಳಿಗೆ ಒಳ್ಳೆಯದನ್ನೇ ಮಾಡಿತು. ಜೊತೆಗೆ ಎರಡು ಷರತ್ತುಗಳಿದ್ದವು: ಲೆಕ್ಕಪತ್ರಗಳನ್ನು ಸಾರ್ವಜನಿಕವಾಗಿ ಆನ್‌ಲೈನ್‌ನಲ್ಲಿ ಪ್ರಕಟಿಸಬೇಕು, ರಾಜ್ಯವು ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಅಧಿಸೂಚಿಸಬೇಕು ಮತ್ತು ವಸೂಲಿ ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರಬೇಕು. ತೆರಿಗೆಯ ಮಾತೆತ್ತಲು ಹಿಂಜರಿಯುತ್ತಿದ್ದ ಸಭೆಗಳು ಆ ಮಾತನ್ನು ಎತ್ತಲೇಬೇಕಾಯಿತು.

ಎರಡನೆಯ ದಾರಿ ಯೋಜನೆಗಳದ್ದು. ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿಗೆಂದು 1979ರಲ್ಲಿ ಕೇಂದ್ರ ಐಡಿಎಸ್‌ಎಂಟಿ ಯೋಜನೆಯನ್ನು ತಂದಿತು. ಊರೂರಿನ ಎಷ್ಟೋ ಹಳೆಯ ವಾಣಿಜ್ಯ ಸಂಕೀರ್ಣಗಳ ಗೋಡೆಯ ಮೇಲೆ ಆ ಅಕ್ಷರಗಳು ಈಗಲೂ ಮಸುಕಾಗಿ ಕಾಣುತ್ತವೆ. 2005ರ ಡಿಸೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಯುಐಡಿಎಸ್‌ಎಸ್‌ಎಂಟಿಯಲ್ಲಿ ಕೇಂದ್ರ 80, ರಾಜ್ಯ 10, ಸ್ಥಳೀಯ ಸಂಸ್ಥೆ 10 ಎಂಬ ಪಾಲು. 2015ರ ಅಮೃತ್ ಯೋಜನೆ ಒಂದು ಲಕ್ಷ ಮೀರಿದ ನಗರಗಳನ್ನು ಮುಖ್ಯವಾಗಿ ನೋಡಿತ್ತು. 2021ರ ಅಕ್ಟೋಬರಿನಲ್ಲಿ ಶುರುವಾದ ಅಮೃತ್ 2.0 ಎಲ್ಲ ಪಟ್ಟಣಗಳನ್ನೂ ಒಳಗೊಂಡಿತು. ಒಂದು ಲಕ್ಷದೊಳಗಿನ ಊರಿಗೆ ಕೇಂದ್ರದ ಪಾಲು ಅರ್ಧ, ಬಿಡುಗಡೆ 20, 40, 40ರ ಮೂರು ಕಂತುಗಳಲ್ಲಿ. ರಾಜ್ಯದ ಕಡೆಯಿಂದ 2009-10ರಲ್ಲಿ ಶುರುವಾಗಿ ಹಲವು ಹಂತಗಳನ್ನು ಕಂಡ ‘ನಗರೋತ್ಥಾನ’ ಸಣ್ಣ ಊರುಗಳ ರಸ್ತೆಗಳ ಮುಖವನ್ನೇ ಬದಲಿಸಿತು. ಇದರ ಮೇಲೆ ಸ್ವಚ್ಛ ಭಾರತದ ಹಣ, ಶಾಸಕರ ನಿಧಿ, ಸಂಸದರ ನಿಧಿ.

ಈ ಯೋಜನೆಗಳೆಲ್ಲ ಸೇರಿ ಪಟ್ಟಣಗಳಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಯಾವ ಕೆಲಸ ಮೊದಲು ಎಂಬ ತೀರ್ಮಾನ ಬಹುಮಟ್ಟಿಗೆ ಪುರಸಭೆಯ ಹೊರಗೆ ಆಗುತ್ತದೆ. ದೊಡ್ಡ ಯೋಜನೆಯ ಕ್ರಿಯಾ ಯೋಜನೆಗೆ ಜಿಲ್ಲಾ ಮಟ್ಟದಲ್ಲಿ ಅನುಮೋದನೆ. ನೀರು ಮತ್ತು ಒಳಚರಂಡಿ ಕಾಮಗಾರಿಯನ್ನು ಕಟ್ಟುವುದು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಸಾಲ, ಹಣ ಬಿಡುಗಡೆ ನೋಡಿಕೊಳ್ಳುವುದು 1993ರಲ್ಲಿ ಹುಟ್ಟಿದ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ (ಕೆಯುಐಡಿಎಫ್‌ಸಿ). ಕಟ್ಟಿ ಮುಗಿದ ಮೇಲೆ ಹಸ್ತಾಂತರದ ಪತ್ರಕ್ಕೆ ಸಹಿ ಹಾಕಿ ಬೀಗದ ಕೈ ತೆಗೆದುಕೊಳ್ಳುವುದು ಪುರಸಭೆ. ಅನುದಾನದ ಕಥೆ ಮುಗಿದು ಆಯವ್ಯಯದ ಕಷ್ಟ ಶುರುವಾಗುವುದು ಆ ಸಹಿಯಿಂದ.

ಐದು ಲಕ್ಷ ಲೀಟರಿನ ಒಂದು ಮೇಲ್ಮಟ್ಟದ ಟ್ಯಾಂಕನ್ನೇ ನೋಡಬಹುದು. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್, ಇಲ್ಲದಿದ್ದರೆ 70 ಲೀಟರ್ ಎಂಬುದು ಯೋಜನೆಯ ಅಳತೆ. 135ರ ಲೆಕ್ಕದಲ್ಲಿ ಆ ಟ್ಯಾಂಕ್ ಒಮ್ಮೆ ತುಂಬಿದರೆ ಸುಮಾರು 3,700 ಜನಕ್ಕೆ ಒಂದು ದಿನದ ನೀರು. ಅದನ್ನು ತುಂಬಲು 50 ಎಚ್‌ಪಿ ಪಂಪು ದಿನಕ್ಕೆ 12 ಗಂಟೆ ಓಡಿದರೆ ಹತ್ತಿರ ಹತ್ತಿರ 450 ಯೂನಿಟ್, ತಿಂಗಳಿಗೆ 13 ಸಾವಿರ ಯೂನಿಟ್ ಮೀರುತ್ತದೆ. ಅದರ ಮೇಲೆ ಪಂಪ್ ಆಪರೇಟರ ಕೂಲಿ, ನೀರು ಬಿಡುವ ವಾಲ್ವ್‌ಮನ್‌ನ ಕೂಲಿ, ಬ್ಲೀಚಿಂಗ್ ಮತ್ತು ಆಲಂ, ಒಡೆದ ಪೈಪು, ಸುಟ್ಟ ಮೋಟಾರಿನ ರೀವೈಂಡಿಂಗ್. ಟ್ಯಾಂಕನ್ನು ಕಟ್ಟಲು ಅನುದಾನ ಬಂತು. ಈ ಖರ್ಚಿಗೆ ಯಾವ ಯೋಜನೆಯಲ್ಲೂ ಬಾಬು ಇಲ್ಲ. ರಾಜ್ಯದ ವಿದ್ಯುತ್ ಅನುದಾನ ಭರಿಸುವಷ್ಟನ್ನು ಬಿಟ್ಟರೆ ಇದು ನೀರಿನ ಕರದಿಂದ, ಆಸ್ತಿ ತೆರಿಗೆಯಿಂದ ಬರಬೇಕು. ನೀರಿನ ಕರ ವಿದ್ಯುತ್ ಬಿಲ್ಲಿಗೂ ಸಾಲದ ಊರಿನಲ್ಲಿ ಹೊಸ ಟ್ಯಾಂಕ್ ಉದ್ಘಾಟನೆಯಾದ ಎರಡು ವರ್ಷದೊಳಗೆ ಎರಡು ದಿನಕ್ಕೊಮ್ಮೆ ಬರುತ್ತಿದ್ದ ನೀರು ನಾಲ್ಕು ದಿನಕ್ಕೊಮ್ಮೆ ಆಗುತ್ತದೆ, ಆಗ ಜನ ಇನ್ನೊಂದು ಟ್ಯಾಂಕ್ ಕೇಳುತ್ತಾರೆ. ಯೋಜನಾ ವರದಿಯನ್ನು ಒಪ್ಪುವ ಸಭೆಯಲ್ಲೇ ಮುಂದಿನ ಹತ್ತು ವರ್ಷದ ನಿರ್ವಹಣೆಯ ವೆಚ್ಚವನ್ನೂ ಅದಕ್ಕೆ ಬೇಕಾದ ನೀರಿನ ದರವನ್ನೂ ಓದಿ ಹೇಳಬೇಕು. ಇದನ್ನು ಮಾಡದ ಪುರಸಭೆ ಆಸ್ತಿಯನ್ನು ಪಡೆದಂತೆ ಕಂಡರೂ ಹೊಣೆಯನ್ನು ಮಾತ್ರ ಪಡೆದಿರುತ್ತದೆ.

ಆಯವ್ಯಯದ ತಯಾರಿ ಚಳಿಗಾಲದಲ್ಲಿ ಶುರು. ಅಕೌಂಟೆಂಟ್ ಶಾಖೆಗಳಿಂದ ಅಂಕಿಗಳನ್ನು ತರಿಸಿಕೊಳ್ಳುತ್ತಾರೆ. ಸಾರ್ವಜನಿಕರ ಪೂರ್ವಭಾವಿ ಸಭೆ ಸಾಮಾನ್ಯವಾಗಿ ಎರಡು ಸುತ್ತು ನಡೆಯುತ್ತದೆ. ಹತ್ತು ಹದಿನೈದು ಜನ ಬಂದ ಸಭೆಯಲ್ಲಿ ಬೀದಿನಾಯಿ, ಹಂದಿ, ಸ್ಮಶಾನದ ದಾರಿ, ಪಾರ್ಕಿನ ದೀಪ ಇವೇ ಪ್ರಸ್ತಾಪವಾಗುತ್ತವೆ. ಇವನ್ನು ಕ್ಷುಲ್ಲಕವೆಂದು ತಳ್ಳಬಾರದು. ಸ್ಮಶಾನಕ್ಕೆ ದಾರಿಯಿಲ್ಲದ ಓಣಿಯವರಿಗೆ ಅದಕ್ಕಿಂತ ದೊಡ್ಡ ಮೂಲಸೌಕರ್ಯ ಯಾವುದಿದೆ? ಕೊರತೆಯಿರುವುದು ಬೇರೆ ಕಡೆ: ಕಳೆದ ವರ್ಷದ ಸಭೆಯಲ್ಲಿ ಕೇಳಿದ್ದು ಏನಾಯಿತು ಎಂದು ಈ ವರ್ಷದ ಸಭೆಯಲ್ಲಿ ಯಾರೂ ಓದುವುದಿಲ್ಲ. ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಆದ್ದರಿಂದ ಸಣ್ಣ ಊರಿನಲ್ಲಿ ಈ ಸಭೆಯ ಬೆಲೆ ಇನ್ನೂ ಹೆಚ್ಚು.

ವರ್ಷ ಮುಗಿಯುವ ಮೊದಲು ಅಧ್ಯಕ್ಷರು ವಿಶೇಷ ಸಭೆಯಲ್ಲಿ ಆಯವ್ಯಯ ಮಂಡಿಸುತ್ತಾರೆ. ಅಂಗೀಕಾರವಾದ ಮೇಲೆ ಅದು ಜಿಲ್ಲಾಧಿಕಾರಿಗೆ ಹೋಗುತ್ತದೆ. ಮರುದಿನದ ಪತ್ರಿಕೆಯಲ್ಲಿ ‘ಇಷ್ಟು ಲಕ್ಷದ ಉಳಿತಾಯ ಬಜೆಟ್’ ಎಂಬ ತಲೆಬರಹ. ಈ ಉಳಿತಾಯ ಎಂದರೆ ಆರಂಭಿಕ ಶಿಲ್ಕಿಗೆ ವರ್ಷದ ಜಮೆಯನ್ನು ಸೇರಿಸಿ ಖರ್ಚನ್ನು ಕಳೆದರೆ ಸಿಗುವ ಅಂತಿಮ ಶಿಲ್ಕು ಅಷ್ಟೇ. ಬಾರದ ಅನುದಾನವನ್ನು ಬರುವುದೆಂದು ಬರೆದರೂ ಉಳಿತಾಯ ಕಾಣುತ್ತದೆ. ಕೆಲವು ಅವಧಿಗಳಲ್ಲಿ ಆಯವ್ಯಯವನ್ನು ಮಂಡಿಸಲು ಅಧ್ಯಕ್ಷರೇ ಇರುವುದಿಲ್ಲ. 2018ರಲ್ಲಿ ಚುನಾವಣೆ ನಡೆದ ಹಲವು ಪಟ್ಟಣಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿಯ ವಿವಾದ ನ್ಯಾಯಾಲಯದಲ್ಲಿದ್ದ ಕಾರಣ ಎರಡು ವರ್ಷದಷ್ಟು ಕಾಲ ಸದಸ್ಯರು ಗೆದ್ದೂ ಅಧಿಕಾರವಿಲ್ಲದೆ ಕಾದರು. ಅಂಥ ವರ್ಷಗಳಲ್ಲಿ ಆಡಳಿತಾಧಿಕಾರಿಯ ಸಹಿಯೊಂದೇ ಊರಿನ ಆಯವ್ಯಯ.

ಅಂಗೀಕಾರವಾದ ಮೊತ್ತ ರಸ್ತೆಯಾಗಲು ಇನ್ನೂ ಹಲವು ಮೆಟ್ಟಿಲುಗಳಿವೆ. ಕ್ರಿಯಾ ಯೋಜನೆ, ಕಿರಿಯ ಎಂಜಿನಿಯರ್ ತಯಾರಿಸುವ ಅಂದಾಜುಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಅಳತೆ, ಬಿಲ್ಲು. 1999ರ ಪಾರದರ್ಶಕತೆ ಅಧಿನಿಯಮ, ಜನರ ಬಾಯಲ್ಲಿ ‘ಕೆಟಿಪಿಪಿ’, ಟೆಂಡರಿಲ್ಲದೆ ಕೆಲಸ ಕೊಡುವುದನ್ನು ಬಿಗಿಮಾಡಿತು. ಅದನ್ನು ದಾಟಲು ದೊಡ್ಡ ಕೆಲಸವನ್ನು ತುಂಡು ಗುತ್ತಿಗೆಗಳಾಗಿ ಒಡೆಯುವುದು ಒಂದು ಹಳೆಯ ದಾರಿ. ತುರ್ತು ಎಂದು ಮೊದಲು ಮಾಡಿಸಿ ಆಮೇಲೆ ಸಭೆಯಲ್ಲಿ ‘ಘಟನೋತ್ತರ ಮಂಜೂರಾತಿ’ ಪಡೆಯುವುದು ಇನ್ನೊಂದು. ಬೇಸಿಗೆಯಲ್ಲಿ ಬೋರ್‌ವೆಲ್ ಕೊರೆಯಲು ನಿಜವಾಗಿಯೂ ಕಾಯಲಾಗದು. ವರ್ಷಪೂರ್ತಿ ಎಲ್ಲ ಕೆಲಸವೂ ತುರ್ತಾಗಿದ್ದರೆ ಅಲ್ಲಿ ಯೋಜನೆಯೇ ಇಲ್ಲವೆಂದಾಯಿತು.

ಈ ಸರಪಳಿಯಲ್ಲಿ ಹೆಚ್ಚು ತೂಕದ ಕೊಂಡಿ ಎಂ.ಬಿ. ಪುಸ್ತಕ, ಅಂದರೆ ಅಳತೆ ಪುಸ್ತಕ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ರಸ್ತೆ ಎಂದರೆ 45 ಘನಮೀಟರ್. ಉದ್ದ ಅಗಲಗಳನ್ನು ಓಣಿಯ ಯಾರು ಬೇಕಾದರೂ ಟೇಪು ಹಿಡಿದು ನೋಡಬಹುದು. ದಪ್ಪ ಮಾತ್ರ ಮಣ್ಣಿನ ಕಡೆಗಿರುತ್ತದೆ. ಅದು 12 ಸೆಂಟಿಮೀಟರ್ ಆದರೆ 36 ಘನಮೀಟರ್. 9 ಘನಮೀಟರ್ ಕಾಂಕ್ರೀಟ್ ಪುಸ್ತಕದಲ್ಲಿದೆ, ರಸ್ತೆಯಲ್ಲಿಲ್ಲ. ಮೂರನೆಯವರ ತಪಾಸಣೆಯಲ್ಲಿ ರಸ್ತೆಯಿಂದ ದಿಂಡಿನಂತೆ ಕೊರೆದು ತೆಗೆಯುವ ಮಾದರಿ ಬೇಕಾಗಿರುವುದು ಇದಕ್ಕೆ. ಹಾಕುವ ದಿನ ಬೆಳಗ್ಗೆ ಎಂಜಿನಿಯರ್ ಅಚ್ಚಿನ ಹಲಗೆಯ ಎತ್ತರವನ್ನು ಅಳೆದು, ಓಣಿಯ ಇಬ್ಬರು ಹಿರಿಯರಿಗೆ ತೋರಿಸಿದರೆ ಅದರಷ್ಟು ಅಗ್ಗದ ತಪಾಸಣೆ ಇನ್ನೊಂದಿಲ್ಲ. ಬಿಲ್ಲಿನಿಂದ ಕಾರ್ಮಿಕ ಕಲ್ಯಾಣ ಸೆಸ್ ಶೇ 1, ಜಿಎಸ್‌ಟಿ ಟಿಡಿಎಸ್ ಶೇ 2, ಆದಾಯ ತೆರಿಗೆ, ರಾಜಧನ, ಭದ್ರತಾ ಠೇವಣಿ ಇವು ಕಡಿತವಾಗಿ ಉಳಿದದ್ದು ಗುತ್ತಿಗೆದಾರರ ಖಾತೆಗೆ ಹೋಗುತ್ತದೆ. ದೋಷಬಾಧ್ಯತೆಯ ಅವಧಿ ಮುಗಿಯುವ ಮೊದಲು ರಸ್ತೆಯನ್ನು ಮತ್ತೊಮ್ಮೆ ನೋಡಿ ಆ ಠೇವಣಿಯನ್ನು ಬಿಡುಗಡೆ ಮಾಡಬೇಕು. ನೋಡದೆಯೇ ಬಿಡುಗಡೆಯಾಗುವುದು ಹೆಚ್ಚು.

ಸಾಲ ಎತ್ತಿ ಕಟ್ಟುವ ದಾರಿ ಸಣ್ಣ ಊರುಗಳಿಗೆ ಬಹುಪಾಲು ಮುಚ್ಚಿದೆ, ಏಕೆಂದರೆ ತೀರಿಸಲು ತೋರಿಸಬಲ್ಲ ವರಮಾನವಿಲ್ಲ. 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ಸ್ಥಳೀಯ ಸಂಸ್ಥೆಗಳಿಗಾಗಿ ಕರ್ನಾಟಕ ನೀರು ಮತ್ತು ನೈರ್ಮಲ್ಯ ಸಂಯೋಜಿತ ನಿಧಿ 100 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತ್ತು. ಒಂಟಿಯಾಗಿ ಮಾರುಕಟ್ಟೆಗೆ ಹೋಗಲಾಗದ ಊರುಗಳು ಒಟ್ಟಾಗಿ ಹೋಗಬಹುದೆಂಬುದಕ್ಕೆ ಅದು ಉದಾಹರಣೆ. ಆದರೆ ಅವು ಮಹಾನಗರದ ಅಂಚಿನ, ಜಮೀನಿನ ಬೆಲೆ ಏರುತ್ತಿದ್ದ ಊರುಗಳು ಎಂಬುದನ್ನೂ ನೆನಪಿಡಬೇಕು.

ವರ್ಷದ ಕೊನೆಗೆ ಹಣಬಳಕೆ ಪ್ರಮಾಣಪತ್ರ ಬರೆಯಬೇಕು. ಕಂತು ಫೆಬ್ರುವರಿಯಲ್ಲಿ ಬಂದು, ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕಾದಾಗ ಅವಸರದ ಕಾಮಗಾರಿ, ಅವಸರದ ಬಿಲ್ಲು ಹುಟ್ಟುತ್ತವೆ. ಪ್ರಮಾಣಪತ್ರ ಹೋಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಕಂತು ನಿಂತರೆ ಅರ್ಧವಾದ ಕೆಲಸ ಅಲ್ಲೇ ಉಳಿಯುತ್ತದೆ. ಇದರ ಪರಿಹಾರ ಕೆಳಗಲ್ಲ, ಮೇಲಿದೆ: ವರ್ಷದ ಮೊದಲ ತಿಂಗಳುಗಳಲ್ಲಿ ಹಣ ಬಿಟ್ಟರೆ ಮಳೆಗಾಲ ಕಳೆಯುತ್ತಲೇ ಕೆಲಸ ಶುರುವಾಗುತ್ತದೆ.

ಲೆಕ್ಕವನ್ನು ಪರಿಶೋಧಿಸುವುದು ರಾಜ್ಯ ಲೆಕ್ಕಪರಿಶೋಧನಾ ಇಲಾಖೆ. ವರದಿಯ ಕೊನೆಯಲ್ಲಿ ಎರಡು ಮೊತ್ತಗಳಿರುತ್ತವೆ: ‘ಆಕ್ಷೇಪಣೆಯಲ್ಲಿಟ್ಟ ಮೊತ್ತ’ ಮತ್ತು ‘ವಸೂಲಾತಿಗೆ ಸೂಚಿಸಿದ ಮೊತ್ತ’. ಮೊದಲನೆಯದರಲ್ಲಿ ಬಹುಪಾಲು ವೋಚರು ಸಿಗದ್ದು, ಸಹಿ ಬಿಟ್ಟದ್ದು, ಠರಾವಿನ ನಕಲು ಇಲ್ಲದ್ದು. ಕಡತ ಒದಗಿಸಿದರೆ ತೀರುವಂಥವು. ಎರಡನೆಯದು ಹೆಚ್ಚುವರಿ ಪಾವತಿ, ಕಡಿತ ಮಾಡದ ತೆರಿಗೆ, ವಸೂಲಾಗದ ಬಾಡಿಗೆ. ಇವನ್ನು ಹೊಣೆಗಾರರಿಂದ ತುಂಬಿಸಿಕೊಳ್ಳಬೇಕು. ಮುಖ್ಯಾಧಿಕಾರಿಗಳು ಪದೇ ಪದೇ ವರ್ಗವಾಗುವ ಊರಿನಲ್ಲಿ ಹಿಂದಿನವರ ಆಕ್ಷೇಪಣೆಗೆ ಇಂದಿನವರು ಉತ್ತರ ಬರೆಯುವುದಿಲ್ಲ, ಕಂಡಿಕೆಗಳು ಹತ್ತು ಹದಿನೈದು ವರ್ಷ ಬಾಕಿ ಉಳಿಯುತ್ತವೆ. ಈ ವರದಿಯನ್ನು ಸಾಮಾನ್ಯ ಸಭೆಯ ಮುಂದಿಟ್ಟು, ಕಂಡಿಕೆಗೊಂದರಂತೆ ಉತ್ತರವನ್ನು ನಡವಳಿಯಲ್ಲಿ ದಾಖಲಿಸುವುದು ಸದಸ್ಯರ ಹಕ್ಕೂ ಹೌದು, ಕೆಲಸವೂ ಹೌದು. ಪರಿಶೋಧಿತ ಲೆಕ್ಕ ಪ್ರಕಟವಾಗುವುದು ಕೇಂದ್ರದ ಅನುದಾನಕ್ಕೆ ಷರತ್ತಾದ ಮೇಲೆ ಪುರಸಭೆಯ ಜಮಾ ಖರ್ಚನ್ನು ಊರಿನ ಯಾರು ಬೇಕಾದರೂ ಮೊಬೈಲಿನಲ್ಲಿ ತೆರೆದು, ತಮ್ಮ ಓಣಿಯ ರಸ್ತೆಗೆ ಬರೆದ ಮೊತ್ತವನ್ನು ಆ ರಸ್ತೆಯ ಮೇಲೆಯೇ ನಿಂತು ಓದಬಹುದಾಗಿದೆ.